ಯಾವಾಗ ರಿಟೈರ್ ಆಗಬೇಕು, ಇಡಿಗಂಟನ್ನು ಕೊನೆತನಕ ಹೇಗೆ ಉಳಿಸಿಕೊಳ್ಳಬೇಕು: ಹಂತ ಹಂತದ ಲೆಕ್ಕ

ನಿವೃತ್ತಿಯ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ವಯಸ್ಸಿಗೆ? ಎಷ್ಟು ದುಡ್ಡು ಇರಬೇಕು? ಎರಡಕ್ಕೂ ಒಂದೊಂದು ಅಂಕಿ ಹೇಳಿಬಿಟ್ಟರೆ ಕೇಳಿದವರಿಗೆ ಸಮಾಧಾನ ಆಗುತ್ತದೆ. ಆದರೆ ಆ ಅಂಕಿ ಬೇರೆ ಯಾರಿಗೋ ಹೊಂದುವಂಥದ್ದು. 65 ಎಂಬ ವಯಸ್ಸನ್ನೇ ನೋಡಿ. 1889ರಲ್ಲಿ ಬಿಸ್ಮಾರ್ಕ್ ಕಾಲದ ಜರ್ಮನಿಯಲ್ಲಿ ವೃದ್ಧಾಪ್ಯದ ಪಿಂಚಣಿ ಕಾನೂನು ಬಂದಾಗ ಗೊತ್ತುಮಾಡಿದ ವಯಸ್ಸು 70. ಅದು 65ಕ್ಕೆ ಇಳಿದದ್ದು 1916ರಲ್ಲಿ. ಸರ್ಕಾರದ ಖಜಾನೆ ನೋಡಿಕೊಂಡು ಇಟ್ಟ ವಯಸ್ಸುಗಳಿವು. ನಿಮ್ಮ ಮೊಣಕಾಲು, ನಿಮ್ಮ ಸಾಲ, ನಿಮ್ಮ ಉಳಿತಾಯ ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ.

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಅನ್ನುವ ಗಾದೆ ಕೇಳಿಯೇ ಬೆಳೆದವರು ನಾವು. ಅಳತೆ ಇಲ್ಲದೆ ಉಂಡರೆ ಸಾಲದು ನಿಜ. ಕುಡಿಕೆಯಲ್ಲಿ ಎಷ್ಟಿದೆ, ವರ್ಷಕ್ಕೆ ಎಷ್ಟು ತೆಗೆಯುತ್ತೇವೆ, ಕೆಟ್ಟ ವರ್ಷ ಬಂದಾಗ ಎಷ್ಟು ಕಡಿಮೆ ತೆಗೆಯಬಲ್ಲೆವು ಎಂಬ ಮೂರು ಗೊತ್ತಿದ್ದರೆ ಸಾಲುತ್ತದೆ. ಮೊದಲೆರಡನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಮೂರನೆಯದನ್ನು ಹಾಕುವವರು ಕಡಿಮೆ. ನನ್ನ ಪ್ರಕಾರ ನಿವೃತ್ತಿಯ ಹಣ ಕೊನೆತನಕ ಬರುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದೇ ಆ ಮೂರನೆಯದು.

ಹೆಜ್ಜೆ 1: ಒಂದು ವರ್ಷದ ಖರ್ಚು ಬರೆಯಿರಿ

ತಿಂಗಳ ಖರ್ಚನ್ನು 12ರಿಂದ ಗುಣಿಸಿದರೆ ಆಯ್ತಲ್ಲ ಅನ್ನಬೇಡಿ. ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಬರುವ ಖರ್ಚುಗಳು ಆ ಲೆಕ್ಕದಿಂದ ಜಾರಿಹೋಗುತ್ತವೆ. ಬ್ಯಾಂಕ್ ಖಾತೆಯ ಕಳೆದ 12 ತಿಂಗಳ ವಿವರ ತೆಗೆದು ಕೂತುಕೊಳ್ಳಿ. ಹೊರಗೆ ಹೋದ ದುಡ್ಡನ್ನೆಲ್ಲ ಮೂರು ಗುಂಪು ಮಾಡಿ.

ಮೊದಲನೆಯದು, ತಪ್ಪಿಸಲಾಗದ ಖರ್ಚು. ಊಟ, ಮನೆ, ವಿದ್ಯುತ್, ಔಷಧ, ವಿಮೆ, ತೆರಿಗೆ. ಎರಡನೆಯದು, ಬದುಕಿಗೆ ರುಚಿ ಕೊಡುವ ಖರ್ಚು. ಪ್ರವಾಸ, ಹೊರಗಿನ ಊಟ, ಉಡುಗೊರೆ, ಹವ್ಯಾಸ. ಮೂರನೆಯದು, ಯಾವಾಗಲೋ ಬರುವ ದೊಡ್ಡ ಖರ್ಚು. ಮನೆ ರಿಪೇರಿ, ಹೊಸ ವಾಹನ, ಹಲ್ಲಿನ ಚಿಕಿತ್ಸೆ. ಇದನ್ನು ಸರಾಸರಿ ತೆಗೆದು ವರ್ಷಕ್ಕಿಷ್ಟು ಎಂದು ಹಾಕಿ. ಹತ್ತು ವರ್ಷಕ್ಕೊಮ್ಮೆ ವಾಹನ ಬದಲಿಸುವುದಾದರೆ ಅದರ ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷದ ಖರ್ಚು.

ಈಗ ನಿವೃತ್ತಿಯ ನಂತರ ಏನು ಬದಲಾಗುತ್ತದೆ ನೋಡಿ. ಕೆಲಸಕ್ಕೆ ಓಡಾಡುವ ಖರ್ಚು ಇರುವುದಿಲ್ಲ, ಉಳಿತಾಯಕ್ಕೆ ತೆಗೆದಿಡುತ್ತಿದ್ದ ಹಣ ತೆಗೆದಿಡಬೇಕಿಲ್ಲ. ಆದರೆ ಕಂಪನಿ ಕೊಡುತ್ತಿದ್ದ ವೈದ್ಯಕೀಯ ವಿಮೆ ನಿಂತರೆ ಅದರ ಕಂತು ನಿಮ್ಮ ತಲೆಗೇ ಬರುತ್ತದೆ. ಬಿಡುವು ಸಿಕ್ಕ ಮೊದಲ ಕೆಲವು ವರ್ಷ ಸುತ್ತಾಟವೂ ಜಾಸ್ತಿ. 'ರಿಟೈರ್ ಆದಮೇಲೆ ಖರ್ಚು ಅರ್ಧ ಆಗುತ್ತೆ' ಅನ್ನುವ ಮಾತನ್ನು ನಿಮ್ಮ ಖಾತೆಯೇ ತೋರಿಸಿಕೊಡುವ ತನಕ ನಂಬಬೇಡಿ.

ಹೆಜ್ಜೆ 2: ಖಚಿತ ಆದಾಯ ಕಳೆಯಿರಿ

ಪಿಂಚಣಿ, ಬಾಡಿಗೆ, ಬದುಕಿರುವ ತನಕ ಬರುವ ಬೇರೆ ಯಾವುದೇ ಹಣ ಇದ್ದರೆ ಅದನ್ನು ವರ್ಷದ ಖರ್ಚಿನಿಂದ ಕಳೆಯಿರಿ. ಉಳಿದದ್ದು ಕೊರತೆ. ಉಳಿತಾಯದಿಂದ ತುಂಬಬೇಕಾದದ್ದು ಈ ಕೊರತೆಯನ್ನು ಮಾತ್ರ. ಒಂದು ಎಚ್ಚರಿಕೆ ಇದೆ. ಆ ಪಿಂಚಣಿ ಬೆಲೆ ಏರಿದಂತೆ ಏರುತ್ತದಾ, ಅಥವಾ ಮೊದಲ ದಿನದ ಮೊತ್ತವೇ ಕೊನೆತನಕ ಬರುತ್ತದಾ? ಏರದ ಪಿಂಚಣಿಯ ಬಲ ವರ್ಷದಿಂದ ವರ್ಷಕ್ಕೆ ಕರಗುತ್ತದೆ.

ಎಷ್ಟು ಬೇಗ ಕರಗುತ್ತದೆ ಎಂದು ತಿಳಿಯಲು ಸುಲಭದ ಲೆಕ್ಕ ಇದೆ. 72ನ್ನು ಬೆಲೆ ಏರಿಕೆಯ ಶೇಕಡಾ ಪ್ರಮಾಣದಿಂದ ಭಾಗಿಸಿ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ 72 ಭಾಗಿಸು 6, ಅಂದರೆ 12 ವರ್ಷಕ್ಕೆ ಖರ್ಚು ದುಪ್ಪಟ್ಟು. ಶೇ. 3 ಆದರೆ 24 ವರ್ಷಕ್ಕೆ. 60ಕ್ಕೆ ರಿಟೈರ್ ಆದವರಿಗೆ ಶೇ. 6ರ ಏರಿಕೆ ಇದ್ದರೆ 84ರ ಹೊತ್ತಿಗೆ ಅದೇ ಬದುಕಿಗೆ ನಾಲ್ಕು ಪಟ್ಟು ಹಣ ಬೇಕು. ಬಡ್ಡಿ ದರ ಎಷ್ಟು ಎಂದು ಕೇಳುವಷ್ಟು ಸಲ ಬೆಲೆ ಏರಿಕೆ ಎಷ್ಟು ಎಂದು ನಾವು ಕೇಳುವುದಿಲ್ಲ, ಅಲ್ವಾ?

ಹೆಜ್ಜೆ 3: ಉಳಿತಾಯವನ್ನು ವರ್ಷಗಳಲ್ಲಿ ಅಳೆಯಿರಿ

ಇಲ್ಲಿಂದ ಮುಂದೆ ದುಡ್ಡಿನ ಮೊತ್ತ ಮರೆತುಬಿಡಿ. ನಿಮ್ಮ ಉಳಿತಾಯವನ್ನು ಹೆಜ್ಜೆ 2ರ ಕೊರತೆಯಿಂದ ಭಾಗಿಸಿ. ಬರುವ ಉತ್ತರವೇ 'ಕೈಯಲ್ಲಿರುವ ವರ್ಷಗಳು'. ಇಬ್ಬರಲ್ಲಿ ಒಬ್ಬರ ಗಂಟು ಇನ್ನೊಬ್ಬರದಕ್ಕಿಂತ ಎರಡು ಪಟ್ಟು ದೊಡ್ಡದಿರಬಹುದು. ಅವರ ಖರ್ಚು ಮೂರು ಪಟ್ಟು ಇದ್ದರೆ ಅವರೇ ಬಡವರು. ಹಾಗಾಗಿ ಬೇರೆಯವರ ಗಂಟಿನ ಗಾತ್ರ ಕೇಳಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ.

ಭಾಗಿಸುವ ಮೊದಲು ಉಳಿತಾಯದ ಪಟ್ಟಿಯನ್ನು ಸ್ವಲ್ಪ ಜರಡಿ ಹಿಡಿಯಿರಿ. ವಾಸದ ಮನೆ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಮಾರಿ ಚಿಕ್ಕ ಮನೆಗೆ ಹೋಗುವ ತೀರ್ಮಾನ ನಿಜವಾಗಿ ಮಾಡಿದ್ದರೆ ಮಾತ್ರ ಬರುತ್ತದೆ. ಮಕ್ಕಳಿಗೆ ಎಂದು ಮನಸ್ಸಿನಲ್ಲಿ ಆಗಲೇ ಕೊಟ್ಟುಬಿಟ್ಟ ಹಣ ಬರುವುದಿಲ್ಲ. ಯಾರಿಗೋ ಕೊಟ್ಟ, ವಾಪಸ್ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಕೈಸಾಲ ಅಂತೂ ಬರುವುದೇ ಇಲ್ಲ. ತೀರಿಸಬೇಕಾದ ಸಾಲವನ್ನು ಕಳೆಯಿರಿ.

ಈಗ ಆ ವರ್ಷಗಳು ಎಷ್ಟು ದೂರ ಹೋಗುತ್ತವೆ? ಕೈಯಲ್ಲಿ 25 ವರ್ಷದ ಖರ್ಚು ಇದೆ ಎಂದುಕೊಳ್ಳಿ. ಬೆಲೆ ಏರಿಕೆ ಕಳೆದ ಮೇಲೆ ಉಳಿಯುವ ಗಳಿಕೆಗೆ ನಿಜ ಗಳಿಕೆ ಎನ್ನೋಣ. ನಿಜ ಗಳಿಕೆ ಸೊನ್ನೆ ಆದರೆ ಹಣ ಸರಿಯಾಗಿ 25 ವರ್ಷ ಬರುತ್ತದೆ. ಶೇ. 1 ಆದರೆ ಸುಮಾರು 28 ವರ್ಷ. ಶೇ. 2 ಆದರೆ 34 ವರ್ಷ. ಶೇ. 3 ಆದರೆ 44 ವರ್ಷ. ಬೆಲೆ ಏರಿಕೆಗಿಂತ ಗಳಿಕೆಯೇ ಶೇ. 1 ಕಡಿಮೆ ಇದ್ದರೆ 22 ವರ್ಷಕ್ಕೆ ಮುಗಿಯುತ್ತದೆ.

ಈ ಸಾಲಿನಲ್ಲಿ ಶೇ. 3 ಮತ್ತು ಶೇ. 2ರ ನಡುವಿನ ಅಂತರವನ್ನು ಇನ್ನೊಮ್ಮೆ ನೋಡಿ. ಹತ್ತು ವರ್ಷ! ನಿಮ್ಮ ಹಣ ನೋಡಿಕೊಳ್ಳಲು ಯಾರಾದರೂ ವರ್ಷಕ್ಕೆ 'ಬರೀ ಶೇ. 1' ಶುಲ್ಕ ತೆಗೆದುಕೊಂಡರೆ ಹೋಗುವುದು ಆ ಹತ್ತು ವರ್ಷ. ಫಂಡ್, ವಿಮೆ, ಸಲಹೆಗಾರರು, ಎಲ್ಲದರ ಶುಲ್ಕವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿ. ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ, ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್‌ಗಳನ್ನು ಇಷ್ಟೊಂದು ಜನ ಹೊಗಳುವುದು ಸುಮ್ನೆ ಅಲ್ಲ.

ಹೆಜ್ಜೆ 4: ಎಷ್ಟು ವರ್ಷ ಬದುಕುತ್ತೀರಿ ಎಂಬ ಊಹೆ

ಸರಾಸರಿ ಆಯಸ್ಸು ನೋಡಿ ಯೋಜನೆ ಹಾಕಿದರೆ ಮೋಸ ಹೋಗುತ್ತೀರಿ. ಹುಟ್ಟಿದಾಗಿನ ಸರಾಸರಿ ಆಯಸ್ಸಿನಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರೂ ಸೇರಿರುತ್ತಾರೆ. 60 ದಾಟಿದವರ ಸರಾಸರಿ ಅದಕ್ಕಿಂತ ಮುಂದಿರುತ್ತದೆ. ಆ ಸರಾಸರಿಯನ್ನೂ ದಾಟಿ ಬದುಕುವವರು ಸುಮಾರು ಅರ್ಧದಷ್ಟು ಜನ.

ಗಂಡ ಹೆಂಡತಿ ಇಬ್ಬರ ಲೆಕ್ಕ ಬೇರೆಯೇ. ಇಬ್ಬರಿಗೂ 90 ತಲುಪುವ ಸಾಧ್ಯತೆ ತಲಾ ಶೇ. 30 ಎಂದುಕೊಳ್ಳಿ. ಇಬ್ಬರೂ ತಲುಪದಿರುವ ಸಾಧ್ಯತೆ 0.7 ಗುಣಿಸು 0.7, ಅಂದರೆ ಶೇ. 49. ಹಾಗಾದರೆ ಇಬ್ಬರಲ್ಲಿ ಒಬ್ಬರಾದರೂ 90 ಮುಟ್ಟುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆ ಒಬ್ಬರಿಗೆ ಆಗ ಹಣ ಇರಬೇಕು, ಮತ್ತು ಇಬ್ಬರಿದ್ದಾಗಿನ ಪಿಂಚಣಿ ಅರ್ಧವಾಗಿರಬಹುದು. ಆರೋಗ್ಯ ಸಾಧಾರಣವಾಗಿ ಚೆನ್ನಾಗಿದ್ದರೆ ಕಿರಿಯರ ವಯಸ್ಸು 95 ಆಗುವ ತನಕ ಲೆಕ್ಕ ಹಾಕಿ. ಅತಿ ಅನ್ನಿಸಬಹುದು. ಆದರೆ ಜಾಸ್ತಿ ಉಳಿದರೆ ಆಗುವ ನಷ್ಟಕ್ಕಿಂತ 88ರಲ್ಲಿ ಹಣ ಮುಗಿದರೆ ಆಗುವ ನಷ್ಟ ಬಹಳ ದೊಡ್ಡದು.

ಹೆಜ್ಜೆ 5: 'ಶೇ. 4ರ ನಿಯಮ'ವನ್ನು ಎಷ್ಟು ನಂಬಬೇಕು

ಈ ವಿಷಯ ಓದುವಾಗ ಎಲ್ಲಿ ನೋಡಿದರೂ ಸಿಗುವುದು ಇದು. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಒಂದು ಲೇಖನ ಬರೆದರು. 1926ರಿಂದ ಮುಂದಿನ ಅಮೆರಿಕದ ಷೇರು, ಬಾಂಡ್ (ಸಾಲಪತ್ರ) ಮತ್ತು ಬೆಲೆ ಏರಿಕೆಯ ಅಂಕಿಗಳನ್ನು ಇಟ್ಟುಕೊಂಡು, ಯಾವ ವರ್ಷ ನಿವೃತ್ತರಾದರೂ 30 ವರ್ಷ ಹಣ ಉಳಿಯಬೇಕಾದರೆ ಮೊದಲ ವರ್ಷ ಎಷ್ಟು ತೆಗೆಯಬಹುದು ಎಂದು ನೋಡಿದರು. ಉತ್ತರ, ಇಡೀ ಗಂಟಿನ ಸುಮಾರು ಶೇ. 4. ಮುಂದಿನ ವರ್ಷಗಳಲ್ಲಿ ಅದೇ ಮೊತ್ತವನ್ನು ಬೆಲೆ ಏರಿಕೆಯಷ್ಟು ಏರಿಸುತ್ತಾ ಹೋಗುವುದು. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರ ಅಧ್ಯಯನದಿಂದ ಈ ಅಂಕಿ ಇನ್ನಷ್ಟು ಹೆಸರಾಯಿತು. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು ಎನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಒಳ್ಳೆಯ ಅಳತೆಗೋಲು, ಒಪ್ಪುತ್ತೇನೆ. ಆದರೆ ಅದರ ಷರತ್ತುಗಳನ್ನು ಓದಿ. ಅದು 30 ವರ್ಷಕ್ಕೆ ಮಾತ್ರ. 50ಕ್ಕೇ ಕೆಲಸ ಬಿಡುವವರಿಗೆ 45 ವರ್ಷ ಬೇಕಾಗಬಹುದು. ಹಣದ ಅರ್ಧದಷ್ಟಾದರೂ ಷೇರುಗಳಲ್ಲಿ ಇರಬೇಕು, ಎಲ್ಲವನ್ನೂ ಠೇವಣಿಯಲ್ಲಿ ಇಟ್ಟವರಿಗೆ ಈ ಅಂಕಿ ಹೊಂದುವುದಿಲ್ಲ. ಶುಲ್ಕ, ತೆರಿಗೆ ಲೆಕ್ಕದಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಇತಿಹಾಸದಲ್ಲೇ ಅತ್ಯಂತ ಚೆನ್ನಾಗಿ ಬೆಳೆದ ಮಾರುಕಟ್ಟೆಗಳಲ್ಲಿ ಒಂದರ ಕಥೆ. ಜಪಾನಿನ ನಿಕ್ಕಿ ಷೇರು ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ ಮುಟ್ಟಿದ 38,915ರ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಲಾಭಾಂಶ ಸೇರಿಸಿದರೆ ಚಿತ್ರ ಇಷ್ಟು ಕರಾಳ ಅಲ್ಲ. ಆದರೂ 34 ವರ್ಷ ಅಂದರೆ ಒಬ್ಬರ ಇಡೀ ನಿವೃತ್ತಿ ಜೀವನ. ಒಂದೇ ದೇಶದ ಷೇರುಗಳ ಮೇಲೆ ಎಲ್ಲ ಭಾರ ಹಾಕಬಾರದು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ನನ್ನ ಸಲಹೆ ಇಷ್ಟು. 25 ವರ್ಷದ ಹಣ ಇದ್ದರೆ ಲೆಕ್ಕ ಶುರು ಮಾಡಬಹುದು. 30 ಇದ್ದರೆ ನಿರಾಳ. 20ರ ಆಸುಪಾಸಿನಲ್ಲಿದ್ದರೆ ಕೆಲಸ ಪೂರ್ತಿ ಬಿಡುವ ಹೊತ್ತು ಇನ್ನೂ ಬಂದಿಲ್ಲ, ಅಥವಾ ವಯಸ್ಸು ಆಗಲೇ 70 ದಾಟಿರಬೇಕು.

ಹೆಜ್ಜೆ 6: ಮೊದಲ ಹತ್ತು ವರ್ಷದ ಅಪಾಯ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

25 ವರ್ಷದ ಹಣ, ಪ್ರತಿ ವರ್ಷದ ಮೊದಲ ದಿನ 1 ವರ್ಷದ ಖರ್ಚು ತೆಗೆಯುತ್ತೀರಿ. ಹತ್ತು ವರ್ಷದಲ್ಲಿ ಎರಡು ವರ್ಷ ಶೇ. 20 ನಷ್ಟ, ಉಳಿದ ಎಂಟು ವರ್ಷ ಶೇ. 8 ನಿಜ ಗಳಿಕೆ. ನಷ್ಟದ ಎರಡು ವರ್ಷ ಕೊನೆಯಲ್ಲಿ ಬಂದರೆ ಹತ್ತು ವರ್ಷದ ನಂತರ ಕೈಯಲ್ಲಿ 20.8 ವರ್ಷದ ಹಣ ಇರುತ್ತದೆ. ಅವೇ ಎರಡು ವರ್ಷ ಮೊದಲು ಬಂದರೆ ಉಳಿಯುವುದು 15.5. ಸರಾಸರಿ ಗಳಿಕೆ ಒಂದೇ, ತೆಗೆದ ಹಣ ಒಂದೇ, ಬದಲಾದದ್ದು ಸರದಿ ಮಾತ್ರ. ಐದು ವರ್ಷದ ಬದುಕು ಅಲ್ಲಿ ಹೋಯಿತು. ಏನೂ ತೆಗೆಯದೆ ಸುಮ್ಮನೆ ಬಿಟ್ಟಿದ್ದರೆ ಎರಡೂ ಕಡೆ ಮೊತ್ತ ಒಂದೇ ಬರುತ್ತಿತ್ತು. ಬೆಲೆ ಬಿದ್ದಾಗ ಮಾರಿ ತಿಂದ ಷೇರು, ಮಾರುಕಟ್ಟೆ ಏಳುವಾಗ ನಮ್ಮ ಬಳಿ ಇರುವುದಿಲ್ಲ. ನಷ್ಟ ಖಾಯಂ ಆಗುವುದು ಹೀಗೆ.

ಬೆಂಗೆನ್ ಅವರ ಲೆಕ್ಕದಲ್ಲೂ ಅತಿ ಕಷ್ಟಪಟ್ಟವರು 1929ರ ಮಹಾಕುಸಿತದವರಲ್ಲ, 1960ರ ದಶಕದ ಉತ್ತರಾರ್ಧದಲ್ಲಿ ನಿವೃತ್ತರಾದವರು. ಅವರ ಮೊದಲ ಹತ್ತು ಹದಿನೈದು ವರ್ಷದಲ್ಲೇ 1973 ಮತ್ತು 1974ರ ಷೇರು ಕುಸಿತವೂ ಬಂತು, 1970ರ ದಶಕದ ಬೆಲೆ ಏರಿಕೆಯೂ ಬಂತು.

ನಿವೃತ್ತಿಯ ಮೊದಲ ವರ್ಷ ಮಾರುಕಟ್ಟೆ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ತಯಾರಿ ಮೂರು ಕಡೆ ಬೇಕು: ತಾರೀಖಿನಲ್ಲಿ, ಹಣ ಇಡುವ ರೀತಿಯಲ್ಲಿ, ಖರ್ಚಿನಲ್ಲಿ.

ಹೆಜ್ಜೆ 7: ತಾರೀಖು ಗೊತ್ತುಮಾಡುವುದು

ಒಂದು ವರ್ಷ ಜಾಸ್ತಿ ದುಡಿದರೆ ಏನಾಗುತ್ತದೆ? ಕೈಯಲ್ಲಿ 20 ವರ್ಷದ ಹಣ ಇದೆ, ನಿಜ ಗಳಿಕೆ ಶೇ. 3 ಎಂದುಕೊಳ್ಳಿ. ಇವತ್ತೇ ಬಿಟ್ಟರೆ ಒಂದು ವರ್ಷದ ನಂತರ ಉಳಿಯುವುದು 19.6. ದುಡಿದು, ಅರ್ಧ ವರ್ಷದ ಖರ್ಚಿನಷ್ಟು ಉಳಿಸಿದರೆ 21.1. ವ್ಯತ್ಯಾಸ ಒಂದೂವರೆ ವರ್ಷ. ಕೊರತೆ ಇರುವವರಿಗೆ ಇದಕ್ಕಿಂತ ಬಲವಾದ ಮದ್ದಿಲ್ಲ.

ಆದರೆ ಇದೇ ಮದ್ದು ಚಟವೂ ಆಗುತ್ತದೆ. 35 ವರ್ಷದ ಹಣ ಕೈಯಲ್ಲಿಟ್ಟುಕೊಂಡು 'ಇನ್ನೊಂದೇ ವರ್ಷ' ಎನ್ನುವವರಿದ್ದಾರೆ. ಅವರಿಗೆ ಹಣದ ಭಯ ಅಲ್ಲ, ಸೋಮವಾರ ಬೆಳಿಗ್ಗೆ ಏನು ಮಾಡುವುದು ಎಂಬ ಭಯ. ಅದಕ್ಕೆ ಉತ್ತರ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಸಿಗುವುದಿಲ್ಲ. ಇನ್ನೊಂದು ಕಡೆ, ಆರೋಗ್ಯ ಕೆಟ್ಟು, ಕೆಲಸ ಹೋಗಿ, ಮನೆಯವರನ್ನು ನೋಡಿಕೊಳ್ಳಬೇಕಾಗಿ ಬಂದು, ತಾವು ಅಂದುಕೊಂಡದ್ದಕ್ಕಿಂತ ಬೇಗ ಬಿಡಬೇಕಾದವರು ಬಹಳ ಜನ. 65ಕ್ಕೆ ಎಂದು ಯೋಜನೆ ಇದ್ದರೂ 60ಕ್ಕೇ ನಿಂತರೆ ಏನು ಗತಿ ಎಂಬ ಲೆಕ್ಕ ಒಮ್ಮೆ ಹಾಕಿಡಿ.

ತಾರೀಖು ಹಾಕುವ ಮೊದಲು ಇಷ್ಟು ನೋಡಿ. ಬಡ್ಡಿಯ ಸಾಲ ಮುಗಿದಿದೆಯಾ? ಕೆಲಸ ಬಿಟ್ಟ ಮರುದಿನದಿಂದ ವೈದ್ಯಕೀಯ ವಿಮೆ ಇದೆಯಾ? ಅದನ್ನು ಕೆಲಸದಲ್ಲಿರುವಾಗಲೇ, ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಕೊಳ್ಳುವುದು ಜಾಣತನ. ಮಕ್ಕಳ ಓದು, ಮದುವೆಯಂಥ ದೊಡ್ಡ ಖರ್ಚು ಮುಂದಿದೆಯಾ? ಸಂಗಾತಿ ಈ ತಾರೀಖನ್ನು ಒಪ್ಪಿದ್ದಾರಾ? ಒಬ್ಬರು ಎರಡು ಮೂರು ವರ್ಷ ತಡವಾಗಿ ಬಿಟ್ಟರೆ ಮೊದಲ ಹತ್ತು ವರ್ಷದ ಅಪಾಯ ಎಷ್ಟೋ ಇಳಿಯುತ್ತದೆ. ವಾರಕ್ಕೆ ಎರಡು ದಿನದ ಕೆಲಸ ಮಾಡಿ ಖರ್ಚಿನ ಕಾಲು ಭಾಗ ತಂದರೂ ಅಷ್ಟೇ ಉಪಕಾರ.

ಕೊನೆಯದಾಗಿ ಒಂದು ತಾಲೀಮು. ಕೆಲಸದಲ್ಲಿರುವಾಗಲೇ ಆರು ತಿಂಗಳು ನಿವೃತ್ತಿಯ ಬಜೆಟ್‌ನಲ್ಲೇ ಬದುಕಿ ನೋಡಿ. ಸಂಬಳದ ಉಳಿದ ಹಣ ಬೇರೆ ಖಾತೆಗೆ ಹೋಗಲಿ. ಮೂರನೇ ತಿಂಗಳಲ್ಲೇ ಆ ಖಾತೆಗೆ ಕೈ ಹಾಕಿದರೆ ಹೆಜ್ಜೆ 1ರ ಅಂಕಿ ಸುಳ್ಳು ಎಂದು ಗೊತ್ತಾಯಿತು.

ಹೆಜ್ಜೆ 8: ಹಣವನ್ನು ಮೂರು ಪಾಲು ಮಾಡುವುದು

ಮೊದಲ ಪಾಲು, ಒಂದೆರಡು ವರ್ಷದ ಖರ್ಚು. ಬೇಕೆಂದಾಗ ಕೈಗೆ ಸಿಗುವ ಉಳಿತಾಯ ಖಾತೆ, ಸಣ್ಣ ಅವಧಿಯ ಠೇವಣಿ. ಎರಡನೆಯದು, ಮುಂದಿನ ಐದಾರು ವರ್ಷದ ಖರ್ಚು. ಉತ್ತಮ ದರ್ಜೆಯ ಬಾಂಡ್, ದೀರ್ಘ ಠೇವಣಿ, ಸರ್ಕಾರಿ ಸಾಲಪತ್ರ. ಮೂರನೆಯದು, ಉಳಿದದ್ದೆಲ್ಲ, ಹಲವು ದೇಶ ಹಲವು ಕ್ಷೇತ್ರಗಳಿಗೆ ಹರಡಿದ ಷೇರುಗಳಲ್ಲಿ. ಬೆಲೆ ಏರಿಕೆಯ ವಿರುದ್ಧ 20, 30 ವರ್ಷ ನಿಲ್ಲಬೇಕಾದದ್ದು ಈ ಮೂರನೆಯ ಪಾಲು.

ಪಾಲು ಮಾಡುವುದು ಸುಲಭ, ತುಂಬುವ ನಿಯಮ ಇಲ್ಲದಿದ್ದರೆ ವ್ಯರ್ಥ. ನಿಯಮ ಇದು: ಷೇರುಗಳು ಏರಿದ ವರ್ಷ ಅಲ್ಲಿಂದ ಸ್ವಲ್ಪ ಮಾರಿ ಮೊದಲೆರಡು ಪಾಲು ತುಂಬಿ. ಬಿದ್ದ ವರ್ಷ ಷೇರು ಮುಟ್ಟಬೇಡಿ, ಎರಡನೆಯ ಪಾಲಿನಿಂದ ಬದುಕಿ. 2000ದಿಂದ 2002ರ ತನಕ ಅಮೆರಿಕದ ಷೇರುಗಳು ಸತತ ಮೂರು ವರ್ಷ ಬಿದ್ದಿದ್ದವು. ಐದಾರು ವರ್ಷದ ಆಸರೆ ಇಟ್ಟುಕೊಳ್ಳುವುದು ಅಂಥ ಕಾಲಕ್ಕಾಗಿ. ಆಸರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ಹತ್ತು ಹದಿನೈದು ವರ್ಷದ್ದು ಇಟ್ಟರೆ ಬೆಲೆ ಏರಿಕೆ ಅದನ್ನು ತಿನ್ನುತ್ತದೆ.

ಹೆಜ್ಜೆ 9: ಖರ್ಚಿಗೆ ಬೇಲಿ

ಮೊದಲೇ ಹೇಳಿದ ಮೂರನೆಯ ಅಳತೆ ಇದು. ನಿವೃತ್ತಿಯ ಹಣದ ಬಗ್ಗೆ ಅಧ್ಯಯನ ಮಾಡಿದ ಜೊನಾಥನ್ ಗೈಟನ್ ಮತ್ತು ವಿಲಿಯಂ ಕ್ಲಿಂಗರ್ 2006ರಲ್ಲಿ ಒಂದು ಪದ್ಧತಿ ಮುಂದಿಟ್ಟರು. ವರ್ಷಕ್ಕೆ ತೆಗೆಯುವ ಶೇಕಡಾ ಪ್ರಮಾಣ ಮೊದಲ ವರ್ಷದ್ದಕ್ಕಿಂತ ಐದನೇ ಒಂದು ಭಾಗ ಮೇಲೆ ಹೋದರೆ ಖರ್ಚನ್ನು ಶೇ. 10 ಇಳಿಸಿ. ಐದನೇ ಒಂದು ಭಾಗ ಕೆಳಗೆ ಬಂದರೆ ಶೇ. 10 ಏರಿಸಿ. ನಮ್ಮ ವರ್ಷಗಳ ಭಾಷೆಯಲ್ಲಿ, 25ರಿಂದ ಶುರು ಮಾಡಿದವರ ಕೈಯಲ್ಲಿ 21ಕ್ಕಿಂತ ಕಡಿಮೆ ಉಳಿದರೆ ಕಡಿತ, 31 ದಾಟಿದರೆ ಹೆಚ್ಚಳ. ಹೆಜ್ಜೆ 4ರಲ್ಲಿ ಊಹಿಸಿದ ಆಯಸ್ಸಿಗೆ ಇನ್ನು 15 ವರ್ಷವಷ್ಟೇ ಉಳಿದಾಗ ಕಡಿತದ ಬೇಲಿ ಬೇಕಿಲ್ಲ.

ಹೆಜ್ಜೆ 6ರ ಕೆಟ್ಟ ಸರದಿಗೇ ಕಡಿತ ಹಾಕಿ ನೋಡೋಣ. ಎರಡರಿಂದ ಐದನೇ ವರ್ಷದ ತನಕ ಖರ್ಚು ಶೇ. 20 ಇಳಿಸಿದರೆ ಹತ್ತು ವರ್ಷದ ಕೊನೆಗೆ 15.5ರ ಬದಲು 16.8 ಉಳಿಯುತ್ತದೆ. ಬಿಟ್ಟದ್ದು 0.8 ವರ್ಷದ ಖರ್ಚು, ಸಿಕ್ಕಿದ್ದು 1.3. ಪವಾಡ ಏನಲ್ಲ. ಆದರೆ ಈ ಕಡಿತ ನಿಮ್ಮ ಕೈಯಲ್ಲಿದೆ, ಮಾರುಕಟ್ಟೆ ಇಲ್ಲ.

ಕಡಿತ ಎಲ್ಲಿಂದ? ಹೆಜ್ಜೆ 1ರ ಎರಡನೆಯ ಗುಂಪಿನಿಂದ. ನಿಮ್ಮ ಖರ್ಚೆಲ್ಲ ಮೊದಲ ಗುಂಪಿನಲ್ಲೇ ಇದ್ದರೆ ಇಳಿಸಲು ಏನೂ ಇರುವುದಿಲ್ಲ. ಅಂಥವರಿಗೆ 25 ವರ್ಷದ ಹಣ ಸಾಲದು, 30 ಬೇಕು. ಖರ್ಚಿನ ಮೂರನೇ ಒಂದು ಭಾಗ ಪ್ರವಾಸ, ಹವ್ಯಾಸದ್ದಾಗಿದ್ದರೆ 25 ಸಾಕು. ಗಂಟು ಒಂದೇ ಗಾತ್ರದ್ದಿದ್ದರೂ ಒಬ್ಬರು ರಿಟೈರ್ ಆಗಬಹುದು, ಇನ್ನೊಬ್ಬರು ಆಗಬಾರದು ಎನ್ನುವುದು ಇದಕ್ಕೇ.

ಹೆಜ್ಜೆ 10: ಆಯಸ್ಸಿನ ಅಪಾಯವನ್ನು ಇನ್ನೊಬ್ಬರಿಗೆ ಒಪ್ಪಿಸುವುದು

ಫ್ರಾನ್ಸಿನ ಜೀನ್ ಕಾಲ್ಮೆಂಟ್ 1965ರಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ, 47 ವರ್ಷದ ಒಬ್ಬ ವಕೀಲರ ಜೊತೆ ಒಪ್ಪಂದ ಮಾಡಿಕೊಂಡರು. ತಾವು ಬದುಕಿರುವ ತನಕ ಅವರು ತಿಂಗಳಿಗೆ 2,500 ಫ್ರಾಂಕ್ ಕೊಡಬೇಕು, ತೀರಿಕೊಂಡ ಮೇಲೆ ಮನೆ ಅವರದು. ವಕೀಲರು 1995ರಲ್ಲಿ ತೀರಿಕೊಂಡರು. ಅಜ್ಜಿ 1997ರ ತನಕ, 122 ವರ್ಷ ಬದುಕಿದರು. ಅಷ್ಟರಲ್ಲಿ ಆ ಕುಟುಂಬ ಮನೆಯ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟಾಗಿತ್ತು.

ಜೀವನಪೂರ್ತಿ ಪಿಂಚಣಿ ಕೊಡುವ ಆನ್ಯುಯಿಟಿ ಯೋಜನೆಗಳೂ ಇದೇ ಬಗೆಯ ಒಪ್ಪಂದ. ವಿಮಾ ಕಂಪನಿ ಸಾವಿರಾರು ಜನರ ಜೊತೆ ಮಾಡಿಕೊಳ್ಳುವುದರಿಂದ ಬೇಗ ತೀರಿಕೊಂಡವರ ಹಣ ತಡವಾಗಿ ತೀರಿಕೊಳ್ಳುವವರಿಗೆ ಹೋಗುತ್ತದೆ. ಒಳ್ಳೆಯದಾ ಕೆಟ್ಟದ್ದಾ ಎಂದರೆ, ಪೂರ್ತಿ ಗಂಟನ್ನು ಹಾಕುವುದು ಕೆಟ್ಟದ್ದು. ಹಣ ವಾಪಸ್ ಸಿಗುವುದಿಲ್ಲ, ಬಹುಪಾಲು ಯೋಜನೆಗಳ ಮೊತ್ತ ಬೆಲೆ ಏರಿದಂತೆ ಏರುವುದಿಲ್ಲ. ಆದರೆ ತಪ್ಪಿಸಲಾಗದ ಖರ್ಚಿಗೂ ಪಿಂಚಣಿಗೂ ನಡುವೆ ದೊಡ್ಡ ಅಂತರ ಇರುವವರು, ಅಷ್ಟನ್ನು ಮಾತ್ರ ತುಂಬಲು, 65 ಅಥವಾ 70ರ ನಂತರ ಒಂದು ಪಾಲು ಹಾಕುವುದು ಅರ್ಥವುಳ್ಳದ್ದು. ವಯಸ್ಸು ಜಾಸ್ತಿ ಆದಷ್ಟೂ ಅದೇ ಹಣಕ್ಕೆ ಸಿಗುವ ಪಿಂಚಣಿ ಜಾಸ್ತಿ. ಸರ್ಕಾರದ ಪಿಂಚಣಿಯನ್ನು ತಡವಾಗಿ ಪಡೆದರೆ ಜಾಸ್ತಿ ಕೊಡುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಅದನ್ನು ಮೊದಲು ನೋಡಿ. ಸಂಗಾತಿಗೂ ಮುಂದುವರಿಯುವ ಆಯ್ಕೆಗೆ ತಿಂಗಳ ಮೊತ್ತ ಸ್ವಲ್ಪ ಕಡಿಮೆ ಸಿಗುತ್ತದೆ. ಆದರೂ ಅದನ್ನೇ ಆರಿಸಿ.

ಹೆಜ್ಜೆ 11: ವರ್ಷಕ್ಕೊಂದು ದಿನ, ಮತ್ತು ನೀವು ಲೆಕ್ಕ ನೋಡಲಾಗದ ದಿನ

ವರ್ಷದಲ್ಲಿ ಒಂದು ದಿನ ಗೊತ್ತುಮಾಡಿ. ಅವತ್ತು ಕೈಯಲ್ಲಿರುವ ವರ್ಷ ಎಷ್ಟು ಎಂದು ಮತ್ತೆ ಭಾಗಿಸಿ, ಬೇಲಿ ದಾಟಿದೆಯಾ ನೋಡಿ, ಪಾಲುಗಳನ್ನು ತುಂಬಿ. ಉಳಿದ 364 ದಿನ ಷೇರು ಬೆಲೆ ನೋಡದಿದ್ದರೆ ನಷ್ಟ ಏನಿಲ್ಲ.

ವಯಸ್ಸಾದಂತೆ ಲೆಕ್ಕ ಹಾಕುವ ಚುರುಕು ಇಳಿಯುತ್ತದೆ, ಮತ್ತು ಅದು ಇಳಿದದ್ದು ನಮಗೇ ಮೊದಲು ಗೊತ್ತಾಗುವುದಿಲ್ಲ. 'ಖಚಿತ ದುಪ್ಪಟ್ಟು' ಎನ್ನುವವರು ಹುಡುಕಿಕೊಂಡು ಬರುವುದೂ ಆಗಲೇ. ಹಾಗಾಗಿ 75ರ ಹೊತ್ತಿಗೆ ಹತ್ತು ಖಾತೆಗಳನ್ನು ಎರಡು ಮೂರಕ್ಕೆ ಇಳಿಸಿ. ಎಲ್ಲದಕ್ಕೂ ನಾಮಿನಿ ಹೆಸರು ಇದೆಯಾ ನೋಡಿ, ಉಯಿಲು ಬರೆಯಿರಿ. ದೊಡ್ಡ ಮೊತ್ತ ಎತ್ತಿಡುವ ಯಾವುದೇ ತೀರ್ಮಾನಕ್ಕೆ ಒಂದು ವಾರ ಕಾಯುವುದು ಮತ್ತು ಇನ್ನೊಬ್ಬರಿಗೆ ತೋರಿಸುವುದು ಎಂಬ ನಿಯಮ ಈಗಲೇ ಮಾಡಿಕೊಳ್ಳಿ. ಮಕ್ಕಳು ವ್ಯಾಪಾರಕ್ಕೆಂದು ಕೇಳಿದರೂ ಇದೇ ನಿಯಮ. ಕೊಡುವುದಾದರೆ, ಕೊಟ್ಟ ಮೇಲೆ ಕೈಯಲ್ಲಿ ಎಷ್ಟು ವರ್ಷ ಉಳಿಯುತ್ತದೆ ಎಂದು ಭಾಗಿಸಿ ನೋಡಿಯೇ ಕೊಡಿ.

ಲೆಕ್ಕ ನೋಡಿಕೊಳ್ಳುವುದು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರೇ. ಅವರೇ ಮೊದಲು ಹೋದರೆ ಉಳಿದವರಿಗೆ ಯಾವ ಖಾತೆ ಎಲ್ಲಿದೆ ಎಂದೇ ತಿಳಿದಿರುವುದಿಲ್ಲ. ಒಂದು ಹಾಳೆಯಲ್ಲಿ ಬರೆದಿಡಿ: ಖಾತೆಗಳು, ವಿಮೆ, ಪಿಂಚಣಿ ಕಚೇರಿ, ಯಾವ ಪಾಲಿನಿಂದ ಮೊದಲು ತೆಗೆಯಬೇಕು, ಬೇಲಿ ಎಷ್ಟು, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು. ಆಮೇಲೆ ಆ ವರ್ಷಕ್ಕೊಂದು ದಿನದ ಲೆಕ್ಕವನ್ನು ಒಮ್ಮೆ ಅವರ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ಕೂತು ನೋಡಿ.